ರಾತ್ರಿ ಹೊತ್ತು ಮಗಳಿಗೆ ತುರಿಕೆ, ಬಿಳಿ ದಾರದಂಥ ಹುಳು: ಹತ್ತು ತಿಂಗಳ ಕೂಸಿಗೂ ಔಷಧ ಕೊಡಬೇಕೇ?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಹತ್ತು ತಿಂಗಳು. ಕೆಲವು ದಿನಗಳಿಂದ ಮಗಳು ಮಲಗಿ ಒಂದೆರಡು ಗಂಟೆಯಾಗುತ್ತಿದ್ದಂತೆ ಎದ್ದು ಕುಳಿತು, ಹಿಂದೆ ಏನೋ ಕಚ್ಚುತ್ತಿದೆ ಎಂದು ಅಳುತ್ತಾಳೆ. ಚಡ್ಡಿಯ ಅಂಚು ಉಜ್ಜಿ ಕೆಂಪಾಗಿರಬೇಕೆಂದುಕೊಂಡು ಕೊಬ್ಬರಿ ಎಣ್ಣೆ ಸವರಿ ಮಲಗಿಸುತ್ತಿದ್ದೆ. ಮೊನ್ನೆ ರಾತ್ರಿ ಮೊಬೈಲಿನ ಬೆಳಕು ಹಿಡಿದು ನೋಡಿದರೆ, ಗುದದ್ವಾರದ ಸುತ್ತ ಹೊಲಿಗೆ ದಾರದ ತುಂಡಿನಂತಿದ್ದ ಮೂರು ಬಿಳಿ ಹುಳುಗಳು ಹೊರಳಾಡುತ್ತಿದ್ದವು. ಅದನ್ನು ಕಂಡ ಮೇಲೆ ನನಗೆ ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಅವಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟಿದ್ದರು. ಮಾತ್ರೆ ತಿಂದ ಮಗುವಿಗೆ ತಿಂಗಳೊಳಗೆ ಮತ್ತೆ ಹುಳುವಾಗಿದ್ದು ಹೇಗೆಂಬುದು ತಿಳಿಯುತ್ತಿಲ್ಲ. ಬೆಲ್ಲ, ಬಾಳೆಹಣ್ಣು ಹೆಚ್ಚಾಗಿದ್ದೇ ಕಾರಣವೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಕೂಸಿಗೂ ಹತ್ತಿಕೊಳ್ಳುವ ಮೊದಲೇ ಎರಡು ತೊಟ್ಟು ಬೇವಿನೆಣ್ಣೆ ಕುಡಿಸೋಣ ಎಂಬುದು ಅವರ ಒತ್ತಾಯ. ಔಷಧದಂಗಡಿಯವರು ಇಬ್ಬರಿಗೂ ಒಂದೇ ಸಿರಪ್ ಕೊಡಬಹುದೆಂದರು. ನಾನು ಇನ್ನೂ ಏನನ್ನೂ ಕೊಟ್ಟಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಕ್ಕಳ ವಿಭಾಗದ ನಿವೃತ್ತ ಶುಶ್ರೂಷಕಿ, ಮೈಸೂರು

ನೀವು ಕೂಸಿಗೆ ಏನನ್ನೂ ಕೊಡದೆ ಕಾದದ್ದು ಒಳ್ಳೆಯದಾಯಿತು. ಬೇವಿನೆಣ್ಣೆಯನ್ನು ಖಂಡಿತವಾಗಿ ಕುಡಿಸಬೇಡಿ. ಚರ್ಮಕ್ಕೆ ಹಚ್ಚುವ ಆ ಎಣ್ಣೆ ಎಳೆಯ ಮಕ್ಕಳ ಹೊಟ್ಟೆಗೆ ಹೋದಾಗ ವಾಂತಿ, ಅಪಸ್ಮಾರದಂಥ ಸೆಳೆತ, ಪ್ರಜ್ಞೆ ತಪ್ಪುವಿಕೆ ಉಂಟಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನಿಮ್ಮ ಅತ್ತೆಯವರ ಕಾಳಜಿ ದೊಡ್ಡದು, ಆದರೆ ಈ ಒಂದು ವಿಷಯದಲ್ಲಿ ನೀವು ಗಟ್ಟಿಯಾಗಿ ನಿಲ್ಲಲೇಬೇಕು.

ನೀವು ಕಂಡದ್ದು ದಾರಹುಳು. ಹೆಣ್ಣುಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದವಿರುತ್ತದೆ. ಅದು ದೊಡ್ಡ ಕರುಳಿನ ಆರಂಭದ ಭಾಗದಲ್ಲಿದ್ದು, ಮಗು ನಿದ್ದೆಹೋದ ಮೇಲೆ ಕೆಳಗಿಳಿದು ಹೊರಬಂದು, ಗುದದ್ವಾರದ ಸುತ್ತಲಿನ ಚರ್ಮದ ಮೇಲೆ ಸುಮಾರು ಹತ್ತು ಸಾವಿರ ಮೊಟ್ಟೆಗಳನ್ನು ಇಡುತ್ತದೆ. ತುರಿಕೆ ರಾತ್ರಿಯೇ ಹೆಚ್ಚಾಗುವುದು ಇದೇ ಕಾರಣಕ್ಕೆ. ಮಗು ಕೆರೆದುಕೊಂಡಾಗ ಮೊಟ್ಟೆಗಳು ಉಗುರಿನ ಸಂದಿಗೆ ಸೇರುತ್ತವೆ. ಇಟ್ಟ ನಾಲ್ಕಾರು ಗಂಟೆಗಳಲ್ಲೇ ಅವು ಸೋಂಕು ಹರಡಲು ಸಿದ್ಧವಾಗಿರುತ್ತವೆ. ಬೆಳಗ್ಗೆ ಎದ್ದ ಮಗು ಬೆರಳು ಚೀಪಿದರೆ ಅಥವಾ ಅದೇ ಕೈಯಲ್ಲಿ ರೊಟ್ಟಿ ಮುರಿದುಕೊಂಡರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಬೆಲ್ಲಕ್ಕೂ ಬಾಳೆಹಣ್ಣಿಗೂ ಇದರಲ್ಲಿ ಪಾತ್ರವಿಲ್ಲ. ನಾಯಿ, ಬೆಕ್ಕುಗಳಿಂದಲೂ ಇದು ಬರುವುದಿಲ್ಲ.

ಮಾತ್ರೆಯ ವಿಷಯ. ಆಲ್ಬೆಂಡಜೋಲ್ ಆಗಲಿ, ಮೆಬೆಂಡಜೋಲ್ ಆಗಲಿ ಹುಳುಗಳನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಗಳನ್ನು ನಂಬುವಂತೆ ನಾಶ ಮಾಡುವುದಿಲ್ಲ. ಮೊದಲ ಡೋಸ್ ಕೊಟ್ಟ ದಿನ ಹಾಸಿಗೆಯಲ್ಲಿ, ಉಗುರಿನಲ್ಲಿ ಉಳಿದಿದ್ದ ಮೊಟ್ಟೆಗಳು ಆಮೇಲೆ ಹೊಟ್ಟೆಗೆ ಸೇರಿ ಮರಿಯಾಗುತ್ತವೆ. ಆದ್ದರಿಂದಲೇ ಎರಡು ವಾರಗಳ ನಂತರ ಎರಡನೆಯ ಡೋಸ್ ಬೇಕು, ಮತ್ತು ಮನೆಯವರೆಲ್ಲರೂ ಒಂದೇ ದಿನ ತೆಗೆದುಕೊಳ್ಳಬೇಕು. ತುರಿಕೆ ಇಲ್ಲದವರ ಹೊಟ್ಟೆಯಲ್ಲೂ ಹುಳುವಿರಬಹುದು. ಎರಡು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಆಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದವರಿಗೆ ಅದರ ಅರ್ಧ, ಇದು ಸಾಮಾನ್ಯ ಪ್ರಮಾಣ. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿರುವವರು, ವೈದ್ಯರನ್ನು ಕೇಳದೆ ಮುಟ್ಟಬಾರದು.

ನಿಮ್ಮ ಹತ್ತು ತಿಂಗಳ ಮಗನಿಗೆ ಅಂಗಡಿಯ ಮಾತಿನ ಮೇಲೆ ಸಿರಪ್ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಔಷಧ ಬೇಕೋ ಬೇಡವೋ ಎಂಬುದನ್ನು ಮಕ್ಕಳ ವೈದ್ಯರೇ ನೋಡಿ ನಿರ್ಧರಿಸಬೇಕು. ಹುಳುವಿನ ಆಯಸ್ಸು ಸುಮಾರು ಆರು ವಾರ. ಅಷ್ಟು ದಿನ ಹೊಸ ಮೊಟ್ಟೆ ಬಾಯಿಗೆ ಹೋಗದಂತೆ ನೋಡಿಕೊಂಡರೆ, ಔಷಧವಿಲ್ಲದೆಯೂ ಅದರ ಸಂತತಿ ಅಲ್ಲಿಗೇ ನಿಲ್ಲುತ್ತದೆ. ಲಂಗೋಟಿ ಬದಲಿಸುವಾಗಲೆಲ್ಲ ಹಿಂಭಾಗವನ್ನು ಮೃದುವಾಗಿ ತೊಳೆದು ಒರೆಸಿ, ಬದಲಿಸುವ ಮೊದಲೂ ನಂತರವೂ ನಿಮ್ಮ ಕೈಯನ್ನು ಸೋಪು ಹಚ್ಚಿ ತೊಳೆದುಕೊಳ್ಳಿ.

ಉತ್ತರ: ಆರು ವರ್ಷದ ಮಗನ ತಂದೆ, ಶಿವಮೊಗ್ಗ

ಶುಶ್ರೂಷಕಿಯವರು ಹೇಳಿದ ಪ್ರತಿಯೊಂದು ಮಾತನ್ನೂ ನಾವು ಮೂರು ತಿಂಗಳು ಒದ್ದಾಡಿ ಕಲಿತೆವು. ಮಗನಿಗೆ ಎರಡು ಸಲ ಮಾತ್ರೆ ಕೊಟ್ಟರೂ ಹುಳು ಮರಳಿ ಬರುತ್ತಲೇ ಇತ್ತು. ಅವನು ಮಲಗುತ್ತಿದ್ದುದು ನಮ್ಮ ತಾಯಿಯ ಮಗ್ಗುಲಲ್ಲಿ, ಅವರ ಹೊದಿಕೆಯೊಳಗೆ. ಅವರಿಗೆ ಮಾತ್ರೆ ಕೊಡಬೇಕೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೊನೆಗೆ ಎಲ್ಲರೂ ಒಂದೇ ಶನಿವಾರ ರಾತ್ರಿ ಮಾತ್ರೆ ನುಂಗಿದೆವು. ಭಾನುವಾರ ಬೆಳಗ್ಗೆ ಹಾಸಿಗೆಯ ಹೊದಿಕೆಗಳನ್ನು ಕೊಡವಲಿಲ್ಲ, ಏಕೆಂದರೆ ಕೊಡವಿದರೆ ಕಣ್ಣಿಗೆ ಕಾಣದ ಮೊಟ್ಟೆಗಳು ಧೂಳಿನಂತೆ ಹಾರಿ ನೆಲಕ್ಕೂ ಆಟಿಕೆಗಳಿಗೂ ಹರಡುತ್ತವೆ, ಅಲ್ಲಿ ಎರಡು ಮೂರು ವಾರ ಜೀವಂತವಾಗಿರಬಲ್ಲವು. ನಾಲ್ಕೂ ಮೂಲೆಗಳನ್ನು ಒಳಕ್ಕೆ ಮಡಚಿ ಗಂಟುಕಟ್ಟಿ, ಹಂಡೆಯ ಬಿಸಿನೀರಿನಲ್ಲಿ ನೆನೆಸಿ ಒಗೆದು, ಉರಿಬಿಸಿಲಿನಲ್ಲಿ ಹರವಿದೆವು. ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದೆವು.

ನನ್ನ ಅನುಭವದಲ್ಲಿ ಅತ್ಯಂತ ಮುಖ್ಯವಾದದ್ದು ಬೆಳಗಿನ ಸ್ನಾನ. ಸಂಜೆ ಸ್ನಾನ ಮಾಡಿಸಿದರೆ ರಾತ್ರಿ ಇಟ್ಟ ಮೊಟ್ಟೆಗಳು ಹಗಲಿಡೀ ಮೈಮೇಲೇ ಉಳಿಯುತ್ತವೆ. ಮಗ ಎದ್ದ ಕೂಡಲೇ, ಹಾಲು ಕುಡಿಯುವುದಕ್ಕೂ ಮೊದಲು, ಬಚ್ಚಲಿನಲ್ಲಿ ನಿಲ್ಲಿಸಿ ಚೊಂಬಿನಿಂದ ನೀರು ಹುಯ್ದು ತೊಳೆಯುತ್ತಿದ್ದೆ. ಟಬ್ಬಿನ ನೀರಿನಲ್ಲಿ ಕೂರಿಸುತ್ತಿರಲಿಲ್ಲ. ಉಗುರನ್ನು ಮೂರು ದಿನಕ್ಕೊಮ್ಮೆ ಕತ್ತರಿಸುತ್ತಿದ್ದೆ. ಕತ್ತರಿಸುವಾಗ ಕಾಗದ ಹಾಸಿಕೊಂಡು, ಚೂರುಗಳನ್ನು ಅದರಲ್ಲೇ ಸುತ್ತಿ ಎಸೆಯುತ್ತಿದ್ದೆ. ರಾತ್ರಿ ಮೈಗಂಟುವ ಹತ್ತಿಯ ಚಡ್ಡಿ ಹಾಕಿದ್ದರಿಂದ ನಿದ್ದೆಗಣ್ಣಿನಲ್ಲಿ ಕೆರೆದುಕೊಂಡರೂ ಬೆರಳು ನೇರವಾಗಿ ಚರ್ಮಕ್ಕೆ ತಾಗುತ್ತಿರಲಿಲ್ಲ. ಕಥೆ ಕೇಳುವಾಗ ಹೆಬ್ಬೆರಳು ಚೀಪುವ ಅಭ್ಯಾಸ ಅವನಿಗಿತ್ತು. ಆ ಹೊತ್ತಿಗೆ ಎರಡೂ ಕೈಯಲ್ಲಿ ಒಂದು ಬಟ್ಟೆಯ ಆನೆ ಹಿಡಿಸಿದೆವು. ಆನೆಯನ್ನೂ ವಾರಕ್ಕೊಮ್ಮೆ ಒಗೆದೆವು.

ಉತ್ತರ: ಮಾಜಿ ಅಂಗನವಾಡಿ ಕಾರ್ಯಕರ್ತೆ, ಚಿತ್ರದುರ್ಗ ಜಿಲ್ಲೆ

ಅಂಗನವಾಡಿಯ ಮಾತ್ರೆ ಏಕೆ ಸಾಲಲಿಲ್ಲ ಎಂದು ಕೇಳಿದ್ದೀರಿ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು, ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು, ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಆಲ್ಬೆಂಡಜೋಲ್ ಕೊಡುತ್ತೇವೆ. ಆ ಕಾರ್ಯಕ್ರಮದ ಗುರಿ ಮುಖ್ಯವಾಗಿ ಮಣ್ಣಿನ ಮೂಲಕ ಹರಡುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳು. ಅದೇ ಮಾತ್ರೆ ದಾರಹುಳುವನ್ನೂ ಕೊಲ್ಲುತ್ತದೆ. ಆದರೆ ಮಣ್ಣಿನ ಹಂಗಿಲ್ಲದೆ ಕೈಯಿಂದ ಬಾಯಿಗೆ ಹರಡುವ ಈ ಹುಳುವಿಗೆ ಒಂದು ಡೋಸ್ ಸಾಲುವುದಿಲ್ಲ. ಹಾಗೆಂದು ಮುಂದಿನ ಫೆಬ್ರವರಿಯ ಮಾತ್ರೆಯನ್ನು ತಪ್ಪಿಸಬೇಡಿ. ಚಿಕ್ಕ ಮಕ್ಕಳಿಗೆ ಅದನ್ನು ಪುಡಿಮಾಡಿ ನೀರಿನಲ್ಲಿ ಕಲಸಿಯೇ ಕೊಡಬೇಕು, ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮಗಳಿಗೆ ಹುಳುವಾಗಿದೆಯೆಂದು ಕಾರ್ಯಕರ್ತೆಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ನನ್ನ ಕೇಂದ್ರದಲ್ಲಿ ಒಬ್ಬ ತಾಯಿ ನಾಚಿಕೆಯಿಂದ ತಿಂಗಳುಗಟ್ಟಲೆ ಹೇಳದೆ ಉಳಿದರು, ಅಷ್ಟರಲ್ಲಿ ಚಾಪೆಯ ಮೇಲೆ ಜೊತೆಗೆ ಮಲಗುತ್ತಿದ್ದ ನಾಲ್ಕು ಮಕ್ಕಳು ಕೆರೆದುಕೊಳ್ಳತೊಡಗಿದ್ದರು. ಬಲು ಶುಚಿಯಾದ ಮನೆಗಳಲ್ಲೂ ಇದನ್ನು ಕಂಡಿದ್ದೇನೆ. ಮಗುವಿನೆದುರು ಛೀ ಎನ್ನಬೇಡಿ.

ಪ್ರಶ್ನೆ ಕೇಳಿದವರು, ಹಾಸನ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಉತ್ತರಗಳನ್ನು ಅತ್ತೆಯವರಿಗೆ ಓದಿ ಹೇಳಿದೆ. ಬೇವಿನೆಣ್ಣೆಯ ಸೀಸೆಯನ್ನು ಅವರೇ ಎತ್ತಿಟ್ಟರು. ಇನ್ನೊಂದು ಸಂದೇಹ: ಕೂಸಿಗೆ ಹುಳುವಿದೆಯೇ ಎಂದು ತಿಳಿಯಲು ಮಲಪರೀಕ್ಷೆ ಮಾಡಿಸಬೇಕೇ? ಮಗಳು ಎರಡು ದಿನದಿಂದ ಮೂತ್ರ ಮಾಡುವಾಗ ಉರಿ ಎನ್ನುತ್ತಿದ್ದಾಳೆ, ಅದೂ ಇದರಿಂದಲೇ ಇರಬಹುದೇ?

ಉತ್ತರ: ಮಕ್ಕಳ ವಿಭಾಗದ ನಿವೃತ್ತ ಶುಶ್ರೂಷಕಿ, ಮೈಸೂರು

ಮೊಟ್ಟೆಗಳು ಚರ್ಮದ ಮೇಲಿರುವುದರಿಂದ ಮಲಪರೀಕ್ಷೆಯಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ. ಬೆಳಗ್ಗೆ ಕೂಸನ್ನು ತೊಳೆಯುವ ಮೊದಲು, ಪಾರದರ್ಶಕ ಅಂಟುಪಟ್ಟಿಯ ಅಂಟಿರುವ ಬದಿಯನ್ನು ಗುದದ್ವಾರದ ಸುತ್ತಲಿನ ಚರ್ಮಕ್ಕೆ ಮೆಲ್ಲಗೆ ಒತ್ತಿ ತೆಗೆದು, ಪ್ರಯೋಗಾಲಯದವರು ಕೊಟ್ಟ ಗಾಜಿನ ಪಟ್ಟಿಗೆ ಅಂಟಿಸಿ ಕೊಡಿ. ಮೂರು ದಿನ ಹೀಗೆ ಮಾಡಿದರೆ ಮೊಟ್ಟೆಗಳು ಕಣ್ತಪ್ಪುವುದು ಅಪರೂಪ.

ಹೆಣ್ಣುಮಕ್ಕಳಲ್ಲಿ ಹುಳು ಮುಂದಕ್ಕೆ ಹರಿದು ಯೋನಿದ್ವಾರದಲ್ಲಿ ಉರಿ, ಕೆಂಪು, ಸ್ರಾವ ಉಂಟುಮಾಡುವುದಿದೆ. ಆದರೂ ಮೂತ್ರದ ಸೋಂಕು ಅಲ್ಲವೆಂದು ಖಚಿತವಾಗಬೇಕು. ನಾಳೆಯೇ ಇಬ್ಬರನ್ನೂ ವೈದ್ಯರಿಗೆ ತೋರಿಸಿ, ಮಗಳ ಮೂತ್ರಪರೀಕ್ಷೆಯನ್ನೂ ಮಾಡಿಸಿ. ಮಲ ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಮೊದಲ ಡೋಸ್ ಕೊಟ್ಟ ದಿನವೇ ಎರಡನೆಯ ಡೋಸಿನ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಏಕೆಂದರೆ ಮೂರ್ನಾಲ್ಕು ದಿನದಲ್ಲಿ ತುರಿಕೆ ನಿಂತುಬಿಟ್ಟರೆ ಹೆಚ್ಚಿನ ಮನೆಗಳಲ್ಲಿ ಅದು ಮರೆತೇ ಹೋಗುತ್ತದೆ.