ಚಿಂತಾಮಣಿ ಚಿಕ್ಕಮ್ಮನಿಗೆ, ನೆಲದ ಆರ್ಕಿಡ್ ವಿಚಾರ

ಚಿಕ್ಕಮ್ಮ, ನಮಸ್ಕಾರ. ಬೆಳಿಗ್ಗೆ ನೀವು ಗ್ರೂಪಲ್ಲಿ ಹಾಕಿದ್ದ ನಿಮ್ಮ ಗಿಡದ ಫೋಟೋ ಎರಡೂ ನೋಡಿದೆ, ‘ಹಾರ್ಡಿ’ ಆರ್ಕಿಡ್ ಗಡ್ಡೆ, ಬೀಜ ಮಾರೋ ಆ ಜಾಹೀರಾತಿನ ಲಿಂಕೂ ನೋಡಿದೆ. ಟೈಪ್ ಮಾಡೋಕೆ ಕೂತ್ರೆ ಸಂಜೆ ಆಗುತ್ತೆ, ಅದಕ್ಕೇ ವಾಯ್ಸ್. ಉದ್ದ ಇದೆ, ಒಲೆ ಮೇಲೆ ಹಾಲಿದ್ರೆ ಮೊದಲು ಇಳಿಸಿಬಿಡಿ.

ಜಾಹೀರಾತಿಂದು ಮೊದಲು ಮುಗಿಸೋಣ. ದುಡ್ಡು ಹಾಕ್ಬೇಡಿ. ಆ ಹಳದಿ ಚೀಲದ ಥರ ಇರೋ ಹೂವು ಸಿಪ್ರಿಪೀಡಿಯಂ, ಲೇಡೀಸ್ ಸ್ಲಿಪ್ಪರ್ ಅಂತಾರಲ್ಲ, ಅದು. ಯೂರೋಪು, ಅಮೆರಿಕ, ಚೀನಾ, ನಮ್ಮ ದೇಶದಲ್ಲಾದ್ರೆ ಹಿಮಾಲಯದ ಕಡೆ ಬೆಳೆಯೋದು. ‘ಹಾರ್ಡಿ’ ಅಂತ ಬರೆದಿದ್ದಾರಲ್ಲ, ಅದು ಸುಳ್ಳಲ್ಲ, ಆದ್ರೆ ಆ ಗಟ್ಟಿತನ ಹಿಮ ತಡ್ಕೊಳ್ಳೋ ಗಟ್ಟಿತನ. ವರ್ಷಕ್ಕೆ ಮೂರು ತಿಂಗಳು ಫ್ರಿಜ್ ಒಳಗಿನಂಥ ಚಳಿ ಸಿಕ್ಕಿದ್ರೇನೆ ಅದರ ಮೊಗ್ಗು ಏಳೋದು. ಚಿಂತಾಮಣಿಲಿ ಜನವರಿ ಮುಂಜಾನೆ ನಾವು ಎಷ್ಟೇ ನಡುಗಿದ್ರೂ ಮಧ್ಯಾಹ್ನಕ್ಕೆ ಮತ್ತೆ 26–27 ಡಿಗ್ರಿ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲಿಟ್ರೂ ಅದಕ್ಕೆ ಚಳಿ ಸಾಲಲ್ಲ. ಅದೇ ಪುಟದಲ್ಲಿರೋ ಬ್ಲೆಟಿಲ್ಲಾ ಅನ್ನೋ ಆರ್ಕಿಡ್ಡೂ ಜಪಾನು, ಚೀನಾದ್ದು, ಅದನ್ನೂ ಬಿಡಿ. ಇನ್ನೊಂದು, ಕಾಡು ಗಿಡ, ಪ್ರಾಣಿಗಳನ್ನ ದೇಶದಿಂದ ದೇಶಕ್ಕೆ ಮಾರೋದಕ್ಕೆ ಕಡಿವಾಣ ಹಾಕೋ ಸೈಟೀಸ್ ಒಪ್ಪಂದ ಇದೆಯಲ್ಲ, ಆರ್ಕಿಡ್ ಕುಟುಂಬ ಪೂರ್ತಿ ಅದರ ಪಟ್ಟಿಲಿದೆ. ಹೊರದೇಶದಿಂದ ಗಡ್ಡೆ ತರಿಸೋಕೆ ಪರವಾನಗಿ ಕಾಗದ ಬೇಕು, 400 ರೂಪಾಯಿ ಪಾರ್ಸಲ್‌ಗೆ ಯಾರೂ ಅದನ್ನ ಮಾಡಿಸಿರಲ್ಲ.

‘ನೂರು ಆರ್ಕಿಡ್ ಬೀಜ’ ಅನ್ನೋ ಪ್ಯಾಕೆಟ್ ಅದಕ್ಕಿಂತ ದೊಡ್ಡ ಮೋಸ. ಆರ್ಕಿಡ್ ಬೀಜ ಎಣಿಸಿ ಮಾರೋಕೆ ಆಗೋದೇ ಇಲ್ಲ ಚಿಕ್ಕಮ್ಮ, ಅದು ಧೂಳು. ಒಂದು ಕಾಯಿಲಿ ಸಾವಿರಗಟ್ಟಲೆ, ಕೆಲವು ಜಾತಿಲಿ ಲಕ್ಷಗಟ್ಟಲೆ ಇರುತ್ತೆ. ರಾಗಿ ಕಾಳಲ್ಲಿ ಮೊಳಕೆಗೆ ಅಂತ ಹಿಟ್ಟು ಇರುತ್ತಲ್ಲ, ಅಂಥ ಬುತ್ತಿ ಇದಕ್ಕಿಲ್ಲ. ಮಣ್ಣಲ್ಲಿರೋ ಒಂದು ಜಾತಿ ಶಿಲೀಂಧ್ರ ಬೀಜದೊಳಗೆ ಹೊಕ್ಕು ಊಟ ಕೊಟ್ರೇನೆ ಮೊಳೆಯೋದು. ಇದನ್ನ 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಹಿಡಿದದ್ದು. 1922ರಲ್ಲಿ ಅಮೆರಿಕದ ನಡ್ಸನ್, ಶಿಲೀಂಧ್ರ ಇಲ್ಲದೆ ಸಕ್ಕರೆ ಹಾಕಿದ ಅಗರ್ ಅನ್ನೋ ಜೆಲ್ಲಿ ಮೇಲೆ ಮೊಳೆಸಿ ತೋರಿಸಿದ. ಇವತ್ತಿಗೂ ಲ್ಯಾಬಲ್ಲಿ ಬಾಟಲಿ ಒಳಗೆ ಹಾಗೇ ಮಾಡೋದು. ಅಡುಗೆಮನೆಲಿ ಮಾಡೋಕೆ ಹೋದ್ರೆ ಸಕ್ಕರೆ ಇರೋದ್ರಿಂದ ಬೀಜಕ್ಕಿಂತ ಮೊದಲು ಬೂಸ್ಟು ಬರುತ್ತೆ.

ಈಗ ನಿಮ್ಮ ಗಿಡ. ಎಲೆ ತೆಂಗಿನ ಸಸಿ ಎಲೆ ಥರ ನೆರಿಗೆ ನೆರಿಗೆ, ಬುಡದಲ್ಲಿ ಸಣ್ಣ ಈರುಳ್ಳಿಯಂಥ ಗಡ್ಡೆ, ಉದ್ದ ಕಡ್ಡಿ ತುದಿಲಿ ನೇರಳೆ ಹೂವು. ಇದು ಸ್ಪಾಥೊಗ್ಲಾಟಿಸ್, ನರ್ಸರಿಯವರು ಗ್ರೌಂಡ್ ಆರ್ಕಿಡ್ ಅಂತ ಕೊಡೋದು ಇದನ್ನೇ. ಸೆಕೆ ನಾಡಿನದು, ನಮ್ಮ ಬಿಸಿಲುಸೀಮೆಗೆ ಗಟ್ಟಿ ಅಂದ್ರೆ ಇದೇ ಗಟ್ಟಿ. ಎಲೆ ತುದಿ ಕಂದಾಗಿ ಸುಟ್ಟಂಗಾಗಿದೆಯಲ್ಲ, ಅದು ರೋಗ ಅಲ್ಲ, ಬೋರ್ ನೀರು. ಕುಂಡದ ಅಂಚಲ್ಲಿ ಬಿಳಿ ಪೊರೆ ಕಟ್ಟಿರೋದೂ ಫೋಟೋಲಿ ಕಾಣ್ತಿದೆ. ನಮ್ಮ ಕಡೆ ಆಳದ ಬೋರ್‌ಗಳಲ್ಲಿ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಉಪ್ಪಿನ ಅಳತೆ, 500 ದಾಟೋದು ಮಾಮೂಲಿ, ಈ ಗಿಡಕ್ಕೆ 200ರ ಆಸುಪಾಸು ಇದ್ರೆ ಚೆನ್ನ. ಎಲೆ ನರ ಹಸಿರಾಗಿದ್ದು ನಡುವೆ ಹಳದಿ ಆಗಿದೆ ನೋಡಿ, ಅದೂ ಗಡಸು ನೀರಿನ ಕೆಲಸವೇ: ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ಲ. ಅದಕ್ಕೆ ಇನ್ನಷ್ಟು ಗೊಬ್ಬರ ಸುರಿದ್ರೆ ಉಪ್ಪು ಹೆಚ್ಚಾಗಿ ಇನ್ನೂ ಸುಡುತ್ತೆ.

ಮಳೆ ನೀರು ಹಿಡೀರಿ. ಹತ್ತಡಿಗೆ ಹತ್ತಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 90 ಲೀಟರ್ ಆಗುತ್ತೆ. ಮೊದಲ ಹತ್ತು ನಿಮಿಷದ ಕೊಳೆ ನೀರು ಹೋಗೋಕೆ ಬಿಟ್ಟು ಆಮೇಲೆ 200 ಲೀಟರ್ ಡ್ರಮ್ ತುಂಬಿಸಿ ಸೊಳ್ಳೆ ಹೋಗದ ಹಾಗೆ ಬಟ್ಟೆ ಕಟ್ಟಿ. ನಾಲ್ಕು ಕುಂಡಕ್ಕೆ ದಿನಾ ಅರ್ಧರ್ಧ ಲೀಟರ್ ಅಂದ್ರೂ ನೂರು ದಿನ ಬರುತ್ತೆ. ಡ್ರಮ್ ಖಾಲಿಯಾದಾಗ ಆರ್‌ಓ ನೀರು ಅರ್ಧ, ಬೋರ್ ನೀರು ಅರ್ಧ. ಆರ್‌ಓ ಮೆಷಿನ್ ಹೊರಗೆ ಬಿಡೋ ನೀರನ್ನ ಮಾತ್ರ, ಉಳಿತಾಯ ಅಂದ್ಕೊಂಡು, ಇದಕ್ಕೆ ಹಾಕ್ಬೇಡಿ. ಉಪ್ಪೆಲ್ಲ ಅದರಲ್ಲೇ ಇರೋದು. ತಿಂಗಳಿಗೊಂದ್ಸಲ ಮಳೆ ನೀರನ್ನ ಕುಂಡದ ಅಳತೆಯ ಎರಡರಷ್ಟು ನಿಧಾನಕ್ಕೆ ಹೊಯ್ದು ತಳದಿಂದ ಹರಿಯೋಕೆ ಬಿಡಿ.

ಗಿಡದ ಬುಡ ಬಿಡಿಸಿ ಒಂದನ್ನ ಎರಡು ಮೂರು ಮಾಡೋಕೆ ಈಗಲೇ ಸಮಯ. ರೋಹಿಣಿ ಬಂತು, ಮೃಗಶಿರ ಮುಗಿಯೋದ್ರೊಳಗೆ ಮಾಡಿಬಿಡಿ. ಆಗ ಸೆಕೆ ಇಳಿದಿರುತ್ತೆ, ಹೊಸ ಮೊಳಕೆ ಹೊರಡೋ ಹೊತ್ತು, ಬೇರು ಬೇಗ ಹಿಡಿಯುತ್ತೆ. ಉತ್ತರೆ, ಹಸ್ತದ ಜಡಿಮಳೆಗೆ ಹೋದ್ರೆ ಕತ್ತರಿಸಿದ ಜಾಗ ಕೊಳೆಯುತ್ತೆ.

ಎರಡು ದಿನ ನೀರು ನಿಲ್ಲಿಸಿ, ಕುಂಡ ಮಗುಚಿ, ಹಳೇ ಮಣ್ಣು ಉದುರಿಸಿ. ಗಡ್ಡೆಗಳು ಒಂದಕ್ಕೊಂದು ಸರಪಳಿ ಥರ ಅಂಟಿರೋದು ಕಾಣುತ್ತೆ. ಒಂದು ತುದಿಲಿ ಹೊಸ ಸುಳಿ, ಇನ್ನೊಂದು ತುದಿಲಿ ಎಲೆ ಉದುರಿದ ಹಳೇ ಗಡ್ಡೆ. ಪ್ರತಿ ತುಂಡಲ್ಲೂ ಹೊಸ ಸುಳಿ ಒಂದು, ಅದರ ಹಿಂದೆ ಗಡ್ಡೆ ಎರಡು, ಒಟ್ಟು ಮೂರು ಇರೋ ಹಾಗೆ ನಡುವಿನ ಬೇರುಕಾಂಡ ಕತ್ತರಿಸಿ. ಆಸೆಗೆ ಬಿದ್ದು ಒಂದೊಂದೇ ಬಿಡಿಸಿದ್ರೆ ಸಾಯಲ್ಲ, ಆದ್ರೆ ಒಂದು ವರ್ಷ ಹೂವಿಲ್ಲ. ಬ್ಲೇಡನ್ನ ಗ್ಯಾಸ್ ಉರಿಲಿ ಕಾಯಿಸಿ ಆರಿಸ್ಕೊಳ್ಳಿ, ಬೇರೆ ಗಿಡಕ್ಕೆ ಹೋಗೋ ಮುಂಚೆ ಮತ್ತೆ ಕಾಯಿಸಿ. ಆರ್ಕಿಡ್ ವೈರಸ್ ಹರಡೋದೇ ಈ ಬ್ಲೇಡಿಂದ, ಅದಕ್ಕೆ ಔಷಧಿ ಇಲ್ಲ. ಕತ್ತರಿಸಿದ ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿ, ಬೇರಿಗೆ ಮಾತ್ರ ತಾಗದ ಹಾಗೆ, ಅದು ಬೇರನ್ನ ಒಣಗಿಸುತ್ತೆ. ಹಳೇ ಗಿಡದಲ್ಲಿ ಕೊಳೆತ ಬೇರು ಕಂಡ್ರೆ, ಗೊಬ್ಬರದ ಅಂಗಡಿಲಿ ಕಾರ್ಬೆಂಡಜಿಂ–ಮ್ಯಾಂಕೊಜೆಬ್ ಸೇರಿದ ಶಿಲೀಂಧ್ರನಾಶಕ ಪುಡಿ ಕೇಳಿ, ಲೀಟರಿಗೆ 2 ಗ್ರಾಂ ಕಲಸಿ ಹತ್ತು ನಿಮಿಷ ಅದ್ದಿ. ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಒಂದು ದಿನ ನೆರಳಲ್ಲಿ ಗಾಯ ಆರಲಿ.

ಎಲೆ ಇಲ್ಲದ ಹಳೇ ಗಡ್ಡೆ ಎಸೀಬೇಡಿ. ತೊಳೆದ ಮರಳಲ್ಲಿ ಅರ್ಧ ಹೂತು, ತೇವ ಆರದ ಹಾಗೆ ನೆರಳಲ್ಲಿಡಿ. ಎಲ್ಲಾ ಬರಲ್ಲ, ಗಟ್ಟಿಯಾಗಿರೋವು ಒಂದೂವರೆ ಎರಡು ತಿಂಗಳಲ್ಲಿ ಮೊಳೀತವೆ. ಒತ್ತಿದ್ರೆ ಮೆತ್ತಗಿರೋದು ವ್ಯರ್ಥ.

ಮಣ್ಣು ಅನ್ನೋ ಮಾತಿಗೆ ಬಂದ್ರೆ, ನಮ್ಮ ಹೊಲದ ಕೆಂಪು ಮಣ್ಣು ಒಂದನ್ನೇ ತುಂಬೋದೇ ಅರ್ಧ ಗಿಡ ಸಾಯೋಕೆ ಕಾರಣ. ನಾಲ್ಕು ನೀರಿಗೆ ಇಟ್ಟಿಗೆ ಥರ ಬಿಗಿಯುತ್ತೆ, ಬೇರಿಗೆ ಗಾಳಿ ಇಲ್ಲ. ಹತ್ತಿಂಚಿನ ಕುಂಡಕ್ಕೆ ಲೀಟರ್ ಮಗ್ಗಲ್ಲಿ ಅಳೆದು ಹೇಳ್ತೀನಿ: ತೆಂಗಿನಕಾಯಿ ಸಿಪ್ಪೆ ಚೂರು ನಾಲ್ಕು ಮಗ್, ಜರಡಿ ಹಿಡಿದ ಎಲೆಗೊಬ್ಬರ ಎರಡು, ದಪ್ಪ ಮರಳು ಒಂದು, ಇಟ್ಟಿಗೆ ಚೂರು ಒಂದು. ಸಿಪ್ಪೆ ಅರ್ಧ ಇಂಚಿಗೆ ಕತ್ತರಿಸಿ ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಕೆಂಪು ಬಣ್ಣ ತಿಳಿಯಾಗೋವರೆಗೂ. ತಿಪಟೂರು ಭಾವ ಈ ಗ್ರೂಪಲ್ಲೇ ಇದ್ದಾರೆ, ಮುಂದಿನ ಸಲ ಕಾಯಿ ಬದಲು ಒಂದು ಚೀಲ ಸಿಪ್ಪೆ ತರಲಿ! ಕೋಕೋಪೀಟ್ ಪುಡಿ ಒಂದೇ ಹಾಕಿದ್ರೆ ಮಳೆಗಾಲದಲ್ಲಿ ಸ್ಪಂಜಿನಂಗೆ ನೀರು ಕುಡಿದು ಕೂರುತ್ತೆ. ಎಂ-ಸ್ಯಾಂಡ್ ಆದ್ರೆ ಜರಡಿ ಹಿಡಿದು, ಧೂಳು ಹೋಗೋವರೆಗೂ ತೊಳೀರಿ. ಎಲೆಗೊಬ್ಬರಕ್ಕೆ ಹೊಂಗೆ ಎಲೆ, ಮಾವಿನ ಎಲೆ ಆಗುತ್ತೆ, ನೀಲಗಿರಿ ಎಲೆ ಬೇಡ. ಶಿಡ್ಲಘಟ್ಟದ ಕಡೆಯಿಂದ ರೇಷ್ಮೆ ಹುಳದ ಹಿಕ್ಕೆ ಬಿಟ್ಟಿ ಸಿಗುತ್ತೆ ಅಂತ ಹಸಿದನ್ನೇ ಹಾಕೀರಿ ಹುಷಾರು, ಅದು ಕಾವು ಎದ್ದು ಬೇರು ಸುಡುತ್ತೆ.

ನೆಡುವಾಗ ಗಡ್ಡೆ ಅರ್ಧ ಮೇಲೆ ಕಾಣ್ಬೇಕು. ಪೂರ್ತಿ ಹೂತ್ರೆ ಸುಳಿ ಕೊಳೆಯುತ್ತೆ. ಹಳೇ ಗಡ್ಡೆ ಕುಂಡದ ಅಂಚಿಗೆ ತಾಗಿರಲಿ, ಹೊಸ ಸುಳಿ ನಡುಭಾಗಕ್ಕೆ ಮುಖ ಮಾಡಿರಲಿ, ಬೆಳೆಯೋಕೆ ಜಾಗ ಆ ಕಡೆನೇ ಬೇಕು. ಮೊದಲ ವಾರ ನೀರು ಹೊಯ್ಯಬೇಡಿ, ಎಲೆಗೆ ಸ್ಪ್ರೇ ಸಾಕು. ಎರಡು ಮೂರು ವಾರ ನೆರಳಲ್ಲಿಟ್ಟು ಆಮೇಲೆ 50 ಪರ್ಸೆಂಟ್ ಶೇಡ್ ನೆಟ್ ಕೆಳಗೆ, ಇಲ್ಲಾಂದ್ರೆ ಹತ್ತು ಗಂಟೆವರೆಗೆ ಎಳೆ ಬಿಸಿಲು ಬೀಳೋ ಕಡೆ. ಎಲೆ ಕಡು ಹಸಿರಾಗಿ ಜೋತುಬಿದ್ರೆ ಬೆಳಕು ಸಾಲದು, ಹೂವು ಬರಲ್ಲ. ಬಿಳಿ ಮಚ್ಚೆ ಬಂದ್ರೆ ಬಿಸಿಲು ಜಾಸ್ತಿ. ಹೊಸ ಎಲೆ ನಾಲ್ಕಿಂಚು ಆದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ 19:19:19 ಗೊಬ್ಬರ ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಂದ್ಸಲ, ಮಣ್ಣು ಒದ್ದೆ ಇರುವಾಗ. ಹೂವು ಉದುರಿದ ಮೇಲೆ ಕಡ್ಡಿಲಿ ಜೋತಾಡೋ ಹಸಿರು ಕಾಯಿ ಕಿತ್ತುಹಾಕಿ. ಈ ಗಿಡ ತಾನಾಗೇ ಕಾಯಿ ಕಟ್ಟುತ್ತೆ, ಸತ್ವ ಎಲ್ಲಾ ಅದಕ್ಕೇ ಹೋಗುತ್ತೆ.

ಮಳೆಗಾಲದಲ್ಲಿ ನೋಡ್ಕೋಬೇಕಾದ್ದು ಸುಳಿ. ನೆರಿಗೆ ಎಲೆ ಬುಡಕ್ಕೆ ಕೊಳವೆ ಥರ ನೀರು ಇಳಿಸುತ್ತೆ, ರಾತ್ರಿ ಅಲ್ಲೇ ನಿಂತ್ರೆ ಬೆಳಿಗ್ಗೆಗೆ ಕಂದು ಲೋಳೆ, ಕೆಟ್ಟ ವಾಸನೆ. ಎಳೆದ್ರೆ ಸುಳಿ ಕೈಗೇ ಬರುತ್ತೆ. ಬಂದ ತಕ್ಷಣ ಗಟ್ಟಿ ಭಾಗ ಸಿಗೋವರೆಗೂ ಕತ್ತರಿಸಿ, ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಔಷಧಿ ಲೀಟರಿಗೆ 3 ಗ್ರಾಂ ಸಿಂಪಡಿಸಿ, ಸೂರಿನ ಕೆಳಗೆ ಎಳೆದು ನೀರು ನಿಲ್ಲಿಸಿ. ರಾತ್ರಿ ಬಸವನಹುಳು ಮೊಗ್ಗು ತಿನ್ನುತ್ತೆ, ಟಾರ್ಚ್ ಹಿಡಿದು ಆರಿಸೋದೇ ದಾರಿ. ಬೇಸಿಗೆಲಿ ಎಲೆ ಬೆನ್ನಿಗೆ ಕೆಂಪು ನುಸಿ, ಬುಡದಲ್ಲಿ ಹಿಟ್ಟು ತಿಗಣೆ. ಎರಡಕ್ಕೂ ಮೊದಲು ನೀರಿನ ಪೈಪಲ್ಲಿ ಎಲೆ ಬೆನ್ನು ತೊಳೀರಿ.

ಕೋಲಾರದ ಅತ್ತಿಗೆ ಕೇಳಿದ್ರಲ್ಲ, ಹಬನೇರಿಯಾ ಅನ್ನೋ ಇನ್ನೊಂದು ನೆಲದ ಆರ್ಕಿಡ್ ನವೆಂಬರಲ್ಲಿ ಒಣಗಿಹೋಯ್ತು ಅಂತ. ಸತ್ತಿಲ್ಲ ಅತ್ತಿಗೆ, ನಿದ್ದೆಗೆ ಹೋಗಿದೆ. ಹಳೇ ಗಡ್ಡೆ ಬತ್ತಿ, ಪಕ್ಕದಲ್ಲಿ ಹೊಸದು ಕೂತಿರುತ್ತೆ. ಎಲೆ ಹಳದಿಯಾಗ್ತಿದ್ದಂಗೆ ನೀರು ಕಮ್ಮಿ ಮಾಡಿ, ಒಣಗಿದ ಮೇಲೆ ಪೂರ್ತಿ ನಿಲ್ಲಿಸಿ ಕುಂಡವನ್ನ ನೆರಳಿನ ಮೂಲೆಗೆ ಸರಿಸಬೇಕು. ಮುಂಗಾರಿಗೆ ಮೊಳಕೆ ಮಣ್ಣಿಂದ ಮೇಲೆ ಬಂದ ಮೇಲೇನೆ ನೀರು. ಮಲಗಿರೋ ಗಡ್ಡೆಗೆ ಕನಿಕರದಿಂದ ದಿನಾ ಒಂದು ಲೋಟ ಹಾಕೋರೇ ಅದನ್ನ ಕೊಲ್ಲೋದು.

ಗಿಡ ಹೆಚ್ಚಿಸೋ ಆಸೆ ಇರೋರಿಗೆ ಇನ್ನೊಂದು ಸುಲಭದ್ದು ಫೇಯಸ್ ಅನ್ನೋ ನೆಲದ ಆರ್ಕಿಡ್. ಹೂವು ಮುಗಿದ ಕಡ್ಡಿ ಇನ್ನೂ ಹಸಿರಿರುವಾಗಲೇ ಕತ್ತರಿಸಿ, ತೇವದ ಮರಳಿನ ಟ್ರೇಲಿ ಅಡ್ಡ ಮಲಗಿಸಿ ಮೇಲೆ ಪ್ಲಾಸ್ಟಿಕ್ ಮುಚ್ಚಿ ನೆರಳಲ್ಲಿಟ್ರೆ ಗಿಣ್ಣು ಗಿಣ್ಣಲ್ಲಿ ಮರಿ ಬರುತ್ತೆ. ದೇವರಾಯನದುರ್ಗ, ನಂದಿ ಕಡೆ ಹೋದಾಗ ಕಾಡಿಂದ ಕಿತ್ತು ತರೋ ಯೋಚನೆ ಮಾತ್ರ ಯಾರೂ ಮಾಡ್ಬೇಡಿ. ಕಾನೂನಿಗೂ ತಪ್ಪು, ಆ ಮಣ್ಣಿನ ಶಿಲೀಂಧ್ರ ಬಿಟ್ಟು ಬಂದ ಗಿಡ ಗಡ್ಡೆಲಿ ಉಳಿದ ಸತ್ವದಲ್ಲಿ ಒಂದು ವರ್ಷ ನಡೆದು ಸಾಯೋದೇ ಹೆಚ್ಚು. ಬೇಕಿದ್ರೆ ಆಗಸ್ಟಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬೆಂಗಳೂರಿಗೆ ಬರೋರು ಹೇಳಿ, ಅಲ್ಲಿನ ಮಳಿಗೆಗಳಲ್ಲಿ ಹಳದಿ ಸ್ಪಾಥೊಗ್ಲಾಟಿಸ್ ಹುಡುಕೋಣ.

ಚಿಕ್ಕಮ್ಮ, ಕುಂಡ ಮಗುಚಿ ಮಣ್ಣು ಉದುರಿಸಿದ ಮೇಲೆ ಕತ್ತರಿಸೋಕೆ ಮುಂಚೆ ಗಡ್ಡೆ ಸರಪಳಿದು ಒಂದು ಫೋಟೋ ಹಾಕಿ. ಹೂವಿಂದಲ್ಲ, ಬುಡದ್ದು, ಬೆಳಕಲ್ಲಿ. ಎಲ್ಲೆಲ್ಲಿ ಬ್ಲೇಡ್ ಇಡ್ಬೇಕು ಅಂತ ಗೆರೆ ಎಳೆದು ವಾಪಸ್ ಕಳಿಸ್ತೀನಿ.