ನಿಗದಿತ ಸಮಯಕ್ಕೆ ತಾನಾಗಿಯೇ ಸರ್ವರ್‌ಗೆ ಫೈಲ್ ಅಪ್‌ಲೋಡ್: ಟಾಸ್ಕ್ ಶೆಡ್ಯೂಲರ್‌ನಲ್ಲಿ ತೊಡಕು

ಪ್ರಶ್ನೆ

ನಮ್ಮ ಕಚೇರಿಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಪ್ರತಿ ರಾತ್ರಿ ಸಿದ್ಧವಾಗುವ ಸಿಎಸ್‌ವಿ ಫೈಲ್‌ಗಳನ್ನು ದೂರದ ಲಿನಕ್ಸ್ ಸರ್ವರ್‌ಗೆ ಕಳುಹಿಸಲು ವಿನ್‌ಎಸ್‌ಸಿಪಿ (ಫೈಲ್ ವರ್ಗಾವಣೆಯ ತಂತ್ರಾಂಶ) ಸ್ಕ್ರಿಪ್ಟ್ ಬರೆದು, ಅದನ್ನು ಓಡಿಸುವ ಬ್ಯಾಚ್ ಫೈಲನ್ನು ಟಾಸ್ಕ್ ಶೆಡ್ಯೂಲರ್‌ನಲ್ಲಿ ರಾತ್ರಿ 2 ಗಂಟೆಗೆ ನಿಗದಿಪಡಿಸಿದ್ದೇನೆ. ನಾನೇ ಓಡಿಸಿದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಯಾರೂ ಲಾಗಿನ್ ಆಗಿರದ ವೇಳೆಯಲ್ಲಿ ಓಡಿದಾಗ ಮಾತ್ರ, ಟಾಸ್ಕ್ ಯಶಸ್ವಿಯಾಗಿ ಮುಗಿದಿದೆ ಎಂದು ತೋರಿಸಿದರೂ ಸರ್ವರ್‌ನಲ್ಲಿ ಫೈಲ್ ಇರುವುದಿಲ್ಲ. ಮೂಲ ಫೋಲ್ಡರ್ ನೆಟ್‌ವರ್ಕ್‌ನಲ್ಲಿದ್ದು, ಅದನ್ನು ಜೆಡ್ ಡ್ರೈವ್ ಆಗಿ ಮ್ಯಾಪ್ ಮಾಡಲಾಗಿದೆ (ಅಂದರೆ ಆ ಫೋಲ್ಡರ್‌ಗೆ ಜೆಡ್ ಎಂಬ ಡ್ರೈವ್ ಅಕ್ಷರ ಕೊಡಲಾಗಿದೆ). ಕಾರಣವೇನಿರಬಹುದು?

ಉತ್ತರ 1

ಮ್ಯಾಪ್ ಮಾಡಿದ ಡ್ರೈವ್ ಆಯಾ ಬಳಕೆದಾರರ ಲಾಗಿನ್ ಸೆಷನ್‌ಗೆ ಮಾತ್ರ ಸೇರಿದ್ದು. ಯಾರೂ ಲಾಗಿನ್ ಆಗಿರದಾಗ ಓಡುವ ಟಾಸ್ಕ್‌ಗೆ ಜೆಡ್ ಎಂಬ ಡ್ರೈವ್ ಕಾಣಿಸುವುದೇ ಇಲ್ಲ. ಸ್ಕ್ರಿಪ್ಟ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್‌ಗಳಿಂದ ಆರಂಭವಾಗುವ ಪೂರ್ಣ ನೆಟ್‌ವರ್ಕ್ ಪಾತ್ ಬರೆಯಿರಿ. ಟಾಸ್ಕ್‌ನಲ್ಲಿ ಪಾಸ್‌ವರ್ಡ್ ಉಳಿಸಬೇಡ ಎಂಬ ಆಯ್ಕೆಗೆ ಗುರುತು ಹಾಕಿದ್ದರೆ ತೆಗೆಯಿರಿ. ಅದಿದ್ದರೆ ಟಾಸ್ಕ್‌ಗೆ ನೆಟ್‌ವರ್ಕ್ ಫೋಲ್ಡರ್‌ಗಳು ಸಿಗುವುದಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಗಂಭೀರವೆನಿಸುವುದು, ಅಪ್‌ಲೋಡ್ ಆಗದಿದ್ದರೂ ಟಾಸ್ಕ್ ಯಶಸ್ಸು ಎಂದು ವರದಿ ಮಾಡುತ್ತಿರುವುದು. ವಿನ್‌ಎಸ್‌ಸಿಪಿ ಸರಿಯಾಗಿ ಮುಗಿದರೆ 0, ದೋಷವಿದ್ದರೆ 1 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ. ಅದರ ನಂತರ ಬ್ಯಾಚ್ ಫೈಲ್‌ನಲ್ಲಿ ಬೇರೆ ಕಮಾಂಡ್‌ಗಳಿದ್ದರೆ ಈ 1 ಶೆಡ್ಯೂಲರ್‌ವರೆಗೆ ತಲುಪದೇ ಹೋಗಬಹುದು. ಆ ಕೋಡನ್ನು ತಕ್ಷಣವೇ ಹಿಡಿದಿಟ್ಟು, ಬ್ಯಾಚ್ ಫೈಲ್ ಅದೇ ಕೋಡ್‌ನೊಂದಿಗೆ ಮುಗಿಯುವಂತೆ ಮಾಡಿ. ಲಾಗ್ ಫೈಲ್ ಕೂಡ ಬರೆಸಿ. ಸರ್ವರ್‌ನ ಹೋಸ್ಟ್ ಕೀ ಫಿಂಗರ್‌ಪ್ರಿಂಟನ್ನು (ಅದು ಅಸಲಿ ಸರ್ವರ್ ಎಂದು ಖಚಿತಪಡಿಸುವ ಗುರುತು) ಸ್ಕ್ರಿಪ್ಟ್‌ನಲ್ಲೇ ನಮೂದಿಸುವುದು ಒಳ್ಳೆಯದು. ನೀವು ಹಿಂದೆ ಒಪ್ಪಿಕೊಂಡ ಕೀ ನಿಮ್ಮ ಖಾತೆಯಲ್ಲಿ ಮಾತ್ರ ಉಳಿದಿರುತ್ತದೆ.

ಉತ್ತರ 2

ನೀವು ಬಳಸುತ್ತಿರುವುದು ಸಾದಾ ಎಫ್‌ಟಿಪಿ ಆಗಿದ್ದರೆ ದಯವಿಟ್ಟು ಎಸ್‌ಎಫ್‌ಟಿಪಿಗೆ (ಗೂಢಲಿಪಿಯಲ್ಲಿ ಫೈಲ್ ಕಳುಹಿಸುವ ವಿಧಾನ) ಬದಲಾಯಿಸಿ, ಏಕೆಂದರೆ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಸಾಗುತ್ತದೆ. ಲಾಗಿನ್‌ಗೆ ಪಾಸ್‌ವರ್ಡ್ ಬದಲು ಕೀ (ಗುರುತು ದೃಢಪಡಿಸುವ ಫೈಲ್) ಬಳಸಿ. ಯಾರೂ ಇಲ್ಲದ ವೇಳೆಯಲ್ಲಿ ಓಡಬೇಕಾದ್ದರಿಂದ ಕೀಗೆ ಸಾಮಾನ್ಯವಾಗಿ ಪಾಸ್‌ಫ್ರೇಸ್ (ಕೀ ಬಳಸುವಾಗ ಕೊಡಬೇಕಾದ ಗುಪ್ತಪದ) ಇಡಲಾಗುವುದಿಲ್ಲ. ಹಾಗಾಗಿ ಅದು ಕಳುವಾದರೂ ಹಾನಿ ಹೆಚ್ಚಾಗದಂತೆ ಸರ್ವರ್‌ನಲ್ಲಿ ಅಪ್‌ಲೋಡ್‌ಗೆಂದೇ ಪ್ರತ್ಯೇಕ ಖಾತೆ ತೆರೆದು, ಶೆಲ್ (ಕಮಾಂಡ್ ಓಡಿಸುವ ಸೌಲಭ್ಯ) ಕೊಡದೆ, ಕ್ರೂಟ್ (ಖಾತೆಗೆ ಒಂದು ಫೋಲ್ಡರ್‌ನ ಹೊರಗೇನೂ ಕಾಣದಂತೆ ಮಾಡುವ ವ್ಯವಸ್ಥೆ) ಮೂಲಕ ಒಂದೇ ಫೋಲ್ಡರ್‌ಗೆ ಸೀಮಿತಗೊಳಿಸಿ. ಕ್ರೂಟ್ ಫೋಲ್ಡರ್ ರೂಟ್‌ನ (ಲಿನಕ್ಸ್‌ನ ಮುಖ್ಯ ನಿರ್ವಾಹಕ ಖಾತೆ) ಒಡೆತನದಲ್ಲಿದ್ದು, ಬೇರೆ ಯಾರಿಗೂ ಅದರಲ್ಲಿ ಬರೆಯುವ ಅನುಮತಿ ಇರಬಾರದು. ಅಪ್‌ಲೋಡ್‌ಗೆ ಅದರೊಳಗೆ ಇನ್ನೊಂದು ಫೋಲ್ಡರ್ ಬೇಕು.

ಪ್ರಶ್ನೆ ಕೇಳಿದವರು

ಪೂರ್ಣ ಪಾತ್ ಕೊಟ್ಟ ಮೇಲೆ ಫೈಲ್‌ಗಳು ತಲುಪುತ್ತಿವೆ, ಧನ್ಯವಾದಗಳು. ಆದರೆ ಸರ್ವರ್‌ನಲ್ಲಿ ಅವುಗಳನ್ನು ಓದುವ ಪ್ರೋಗ್ರಾಮ್‌ಗೆ ಕೆಲವೊಮ್ಮೆ ಅರ್ಧ ಫೈಲ್ ಮಾತ್ರ ಸಿಗುತ್ತಿದೆ.

ಉತ್ತರ 3

ಎರಡು ಸಾಧ್ಯತೆಗಳಿವೆ. ಮೊದಲನೆಯದು, 2 ಗಂಟೆಗೆ ಫೈಲ್ ಇನ್ನೂ ಬರೆಯಲ್ಪಡುತ್ತಿರುವುದು. ಗಡಿಯಾರವನ್ನು ನಂಬುವ ಬದಲು, ಫೈಲ್ ತಯಾರಿಸುವ ತಂತ್ರಾಂಶ ಕೆಲಸ ಮುಗಿಸಿದ ಮೇಲೆಯೇ ಅಪ್‌ಲೋಡ್ ಆರಂಭವಾಗುವಂತೆ ಮಾಡಿದರೆ ಇದು ತಪ್ಪುತ್ತದೆ. ಎರಡನೆಯದು, ಅಪ್‌ಲೋಡ್ ನಡೆಯುತ್ತಿರುವಾಗಲೇ ಆ ಕಡೆಯ ಪ್ರೋಗ್ರಾಮ್ ಓದಲು ತೊಡಗುವುದು. ಎಸ್‌ಎಫ್‌ಟಿಪಿಯಲ್ಲಿ ವಿನ್‌ಎಸ್‌ಸಿಪಿ ಪೂರ್ವನಿಯೋಜಿತವಾಗಿ 100 ಕೆಬಿಗಿಂತ ದೊಡ್ಡ ಫೈಲ್‌ಗಳನ್ನು ಮಾತ್ರ ಫೈಲ್‌ಪಾರ್ಟ್ ಎಂಬ ತಾತ್ಕಾಲಿಕ ವಿಸ್ತರಣೆಯಡಿ ಕಳುಹಿಸಿ, ಪೂರ್ತಿಯಾದ ಮೇಲೆ ನಿಜವಾದ ಹೆಸರು ಕೊಡುತ್ತದೆ. ಸಣ್ಣ ಫೈಲ್‌ಗಳಿಗೆ ಈ ರಕ್ಷಣೆಯಿಲ್ಲ. ಎಲ್ಲ ಫೈಲ್‌ಗಳಿಗೂ ಇದು ಅನ್ವಯಿಸುವಂತೆ ಸೆಟ್ಟಿಂಗ್ ಬದಲಾಯಿಸಿ, ಫೈಲ್‌ಪಾರ್ಟ್ ವಿಸ್ತರಣೆಯವನ್ನು ಮುಟ್ಟದಂತೆ ಓದುವ ಪ್ರೋಗ್ರಾಮ್‌ಗೂ ಸೂಚಿಸಿ.

ಯಶಸ್ವಿಯಾಗಿ ಹೋದ ಫೈಲ್‌ಗಳನ್ನು ಮಾತ್ರ ಬೇರೊಂದು ಫೋಲ್ಡರ್‌ಗೆ ಸರಿಸಿದರೆ, ಉಳಿದವು ಮರುದಿನ ತಾವಾಗಿಯೇ ಹೋಗುತ್ತವೆ.