ಆಫೀಸಿಗೆ ಹೆಂಗಸರ ಬಟ್ಟೆ, ಆದರೆ ಯಾರ ಕಣ್ಣಿಗೂ ಬೀಳಬಾರದು: ಟೈಲರ್ ಅಕ್ಕನಿಗೆ ಪ್ರಶ್ನೆ

ಪ್ರಶ್ನೆ (ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ):

ಅಕ್ಕ, ನನಗೆ 29 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಾನು ಟ್ರಾನ್ಸ್ ಮಹಿಳೆ. ಮನೆಯಲ್ಲಿ ತಮ್ಮನಿಗೆ ಮಾತ್ರ ಗೊತ್ತು, ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಹಾರ್ಮೋನ್ ಶುರು ಮಾಡುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ದಿನಾ ಗಂಡಸರ ಫಾರ್ಮಲ್ಸ್ ಹಾಕಿಕೊಂಡು ಹೋಗುವುದು ಹಿಂಸೆ. ಹೆಂಗಸರ ಬಟ್ಟೆಯೇ ಆಗಿರಬೇಕು, ಅದು ನನಗೆ ಗೊತ್ತಿದ್ದರೆ ಸಾಕು. ಪಕ್ಕದ ಟೇಬಲಿನವರಿಗೆ ಗೊತ್ತಾಗಬಾರದು.

ಹೋದ ತಿಂಗಳು ಆನ್‌ಲೈನಲ್ಲಿ ಒಂದು ಎಕ್ಸ್‌ಎಲ್ ಶಾರ್ಟ್ ಕುರ್ತಾ ತರಿಸಿದೆ. ಹೊಟ್ಟೆ ಹತ್ತಿರ ಜೋಲು, ಭುಜದಲ್ಲಿ ಬಿಗಿ. ಅಟ್ಟದಿಂದ ಡಬ್ಬ ತೆಗೆಯೋಣ ಅಂತ ಕೈ ಎತ್ತಿದೆ, ಕಂಕುಳಲ್ಲಿ ಪರ್ರ್ ಅಂತು. ಎತ್ತರ 5 ಅಡಿ 9 ಇಂಚು, ಭುಜ ಹದಿನೇಳೂವರೆ ಇಂಚು, ಎದೆ 38, ಸೊಂಟ 33. ಟ್ರಯಲ್ ರೂಮಿಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಟೈಲರ್, 21 ವರ್ಷದಿಂದ ಹೆಂಗಸರದ್ದೂ ಗಂಡಸರದ್ದೂ ಹೊಲಿಯುತ್ತಿದ್ದೇನೆ):

ತಂಗಿ, ಮೊದಲು ಆ ಸೈಜ್ ಚೀಟಿ ಮರೆತುಬಿಡಿ. ಅದರಲ್ಲಿರುವ 38, 40, 42 ಎಲ್ಲ ಎದೆಯ ಲೆಕ್ಕ. ನಿಮ್ಮ ತಾಪತ್ರಯ ಭುಜದ್ದು. ಹೆಂಗಸರ ರೆಡಿಮೇಡ್ ಕುರ್ತಾ ಎಕ್ಸ್‌ಎಲ್ ತಗೊಂಡರೂ ಭುಜ 15, ಹದಿನೈದೂವರೆ ಇಂಚಿನ ಹತ್ತಿರವೇ ನಿಲ್ಲುತ್ತದೆ. ಉಳಿದ ಎರಡು ಇಂಚನ್ನು ಕಂಕುಳು ಕೊಡಬೇಕಾಯಿತು. ಅದಕ್ಕೇ ಹರಿಯಿತು. ಭುಜಕ್ಕೆ ಸರಿಯಾಗಿ ಕೂರುವುದನ್ನು ತಂದರೆ ಸೊಂಟವನ್ನು ಹತ್ತು ನಿಮಿಷದಲ್ಲಿ ಹಿಡಿದುಕೊಡುತ್ತೇವೆ. ಸೊಂಟಕ್ಕೆ ಸರಿಯಾದದ್ದನ್ನು ತಂದು ಭುಜ ಬಿಡಿಸಿ ಅಂದರೆ ಯಾರಿಗೂ ಆಗಲ್ಲ. ಒಳಗೆ ಬಟ್ಟೆಯೇ ಇರುವುದಿಲ್ಲ.

ಹಾಗಾಗಿ ಮೊದಲ ಬಟ್ಟೆ ಕೊಳ್ಳಬೇಡಿ, ಹೊಲಿಸಿ. ಅದೂ ಕುರ್ತಾ ಬೇಡ, ಶರ್ಟ್. ಗಂಡಸರ ಶರ್ಟಿನಲ್ಲಿ ಗುಂಡಿ ಬಲಗಡೆ, ಕಾಜ ಎಡಗಡೆ. ಹೆಂಗಸರದ್ದರಲ್ಲಿ ಉಲ್ಟಾ. ನನ್ನ ಅಂಗಡಿಗೆ ವರ್ಷಗಟ್ಟಲೆ ಬರುವವರಿಗೇ ಈ ವ್ಯತ್ಯಾಸ ಗೊತ್ತಿಲ್ಲ, ಇನ್ನು ಪಕ್ಕದ ಟೇಬಲಿನವರು ಎಲ್ಲಿ ನೋಡುತ್ತಾರೆ? ಮೊದಲೆರಡು ದಿನ ಬೆಳಿಗ್ಗೆ ನಿಮ್ಮ ಬೆರಳೇ ತಡಕಾಡುತ್ತದೆ, ಅಷ್ಟೇ.

ಬೆನ್ನಿಗೆ ಎರಡು ಉದ್ದ ಡಾರ್ಟ್ ಹಾಕಿಸಿ, ಅಂದರೆ ಬಟ್ಟೆ ಮೈಗೆ ಕೂರಲಿ ಅಂತ ಒಳಗೆ ಮಡಚಿ ಹೊಲಿಯುವ ಚೂಪು ಮಡಿಕೆ. ಸೊಂಟ ಒಳಗೆ ಬರುತ್ತದೆ, ನೋಡಿದವರಿಗೆ ಸ್ಲಿಮ್ ಫಿಟ್ ಅನ್ನಿಸುತ್ತದೆ. ಎದೆಯ ಡಾರ್ಟ್ ಮಾತ್ರ ಈಗ ಬೇಡ. ಹಾರ್ಮೋನ್ ಶುರುವಾದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಎದೆ ಬೆಳೆಯಲು ಶುರುವಾಗುತ್ತದೆ, ಆಮೇಲೆ ಎರಡು ಮೂರು ವರ್ಷ ಬದಲಾಗುತ್ತಲೇ ಇರುತ್ತದೆ. ಅದಕ್ಕೆ ಎರಡೂ ಪಕ್ಕದ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಬಿಡಲು ಹೇಳಿ. ಭುಜದ ಮೂಳೆ ಬದಲಾಗಲ್ಲ, ಇವತ್ತಿನ ಅಳತೆ ಮುಂದೆಯೂ ನಡೆಯುತ್ತದೆ.

ಬಟ್ಟೆ ಯಾವುದು ಅನ್ನುವುದೇ ಅರ್ಧ ಕೆಲಸ. ಪಾಪ್ಲಿನ್ ಗಂಜಿ ಹಾಕಿದ ಹಾಗೆ ನಿಂತುಕೊಳ್ಳುತ್ತದೆ, ಭುಜ ಇನ್ನೂ ಅಗಲ ಕಾಣುತ್ತದೆ. ರೇಯಾನ್ ಮೈಮೇಲೆ ಇಳಿಯುತ್ತದೆ. 44 ಇಂಚು ಪನ್ನದ್ದಾದರೆ (ಬಟ್ಟೆಯ ಅಗಲ) ಎರಡೂವರೆ ಮೀಟರ್ ತನ್ನಿ. ಹೊಲಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ತೋಳು ಮೊಣಕೈಗೆ ಬರುತ್ತದೆ. ಬಣ್ಣ ನಿಮ್ಮಿಷ್ಟ. ಹೆಂಗಸರ ಬಟ್ಟೆ ಅಂದರೆ ಗುಲಾಬಿಯೇ ಆಗಬೇಕು ಅಂತ ಯಾಕೋ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ.

ಪ್ಯಾಂಟ್ ರೆಡಿಮೇಡ್ ಆದರೂ ನಡೆಯುತ್ತದೆ. ಹೆಂಗಸರ ಸ್ಟ್ರೇಟ್ ಫಿಟ್ ನೋಡಿ. ಪಕ್ಕಕ್ಕೆ ಜಿಪ್ ಇರುವುದು ಬೇಡ, ಆಫೀಸಿನ ಟಾಯ್ಲೆಟ್‌ನಲ್ಲಿ ಸದ್ಯ ಫಜೀತಿ ಆಗುತ್ತದೆ. ಜೇಬಿನಲ್ಲಿ ಫೋನ್ ಹಿಡಿಸಲ್ಲ ಅನ್ನುವುದು ನಮ್ಮೆಲ್ಲರ ಹಳೇ ಗೋಳು. ಜೇಬು ಇಳಿಸಿಕೊಡಿ ಅಂದರೆ ಇಳಿಸುತ್ತಾರೆ.

ಕುರ್ತಾ ಆಸೆ ಇದ್ದೇ ಇದ್ದರೆ ರಾಜ್ಯೋತ್ಸವಕ್ಕೆ ಖಣದ್ದು ಹೊಲಿಸಿ. ಗುಳೇದಗುಡ್ಡದ ಖಣ ನಮ್ಮಜ್ಜಿಯರ ರವಿಕೆ ಬಟ್ಟೆ. ಈಗ ಗಂಡಸರೂ ಅದರಲ್ಲಿ ಕುರ್ತಾ ಹೊಲಿಸುತ್ತಾರೆ. ನವೆಂಬರ್ 1ಕ್ಕೆ ಅದನ್ನು ಹಾಕಿಕೊಂಡು ಹೋದರೆ ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಸದಸ್ಯೆಯೊಬ್ಬರು:

ನಾನೂ ಟ್ರಾನ್ಸ್ ಮಹಿಳೆ, ಐಟಿಯಲ್ಲಿದ್ದೇನೆ. ಅಕ್ಕ ಹೇಳದ ಒಂದು ಮಾತು. ಶರ್ಟಿನೊಳಗೆ ಹೆಂಗಸರ ಸ್ಲಿಪ್ ಹಾಕುವುದಾದರೆ ಮೈಬಣ್ಣದ್ದು ತಗೊಳ್ಳಿ. ಬಿಳಿ ಶರ್ಟಿನೊಳಗೆ ಬಿಳಿ ಸ್ಲಿಪ್ಪಿನ ಪಟ್ಟಿ ಬೆನ್ನ ಮೇಲೆ ಎದ್ದು ಕಾಣುತ್ತದೆ. ನಾನು ಒಂದಿಡೀ ಮಧ್ಯಾಹ್ನ ಎಸಿ ಜಾಸ್ತಿ ಅಂತ ಸುಳ್ಳು ಹೇಳಿ ಸ್ವೆಟರ್ ಹಾಕಿಕೊಂಡು ಕೂತಿದ್ದೆ. ಪಾರ್ಸೆಲ್ ಆಫೀಸಿನ ವಿಳಾಸಕ್ಕೆ ತರಿಸಲೇಬೇಡಿ.

ಇನ್ನೊಬ್ಬರು:

ಇಷ್ಟೆಲ್ಲ ಮುಚ್ಚುಮರೆ ಯಾಕೆ? ಕಾನೂನು ಇದೆಯಲ್ಲ?

ಟೈಲರ್:

ಇದೆ ಸ್ವಾಮಿ. ತಾನು ಗಂಡೋ ಹೆಣ್ಣೋ ಅಂತ ಹೇಳಿಕೊಳ್ಳುವ ಹಕ್ಕು ಅವರವರದ್ದು ಎಂದು 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೆಲಸದ ಜಾಗದಲ್ಲಿ ಭೇದ ಮಾಡಬಾರದು ಅಂತ 2019ರ ಕಾಯ್ದೆಯೂ ಬಂತು. ಆದರೆ ಊಟದ ಟೇಬಲಿನ ಪಿಸುಪಿಸು ನಿಲ್ಲಿಸುವ ಕಾಯ್ದೆ ಎಲ್ಲಿದೆ? ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು ಅನ್ನುವುದು ಅವರಿಗೆ ಬಿಟ್ಟಿದ್ದು. ಅವರು ಕೇಳಿದ್ದು ಬಟ್ಟೆ ವಿಷಯ.

ಪ್ರಶ್ನೆ ಕೇಳಿದವರು:

ತಂಗಿ ಅಂದಿರಲ್ಲ ಅಕ್ಕ, ಅದನ್ನು ನಾಲ್ಕು ಸಲ ಓದಿದೆ. ನಮ್ಮ ಏರಿಯಾದ ಟೈಲರ್ ಹತ್ತಿರ ಇದನ್ನೆಲ್ಲ ಹೇಗೆ ಕೇಳಲಿ? ಗುಂಡಿ ಎಡಕ್ಕೆ ಯಾಕೆ ಅಂದರೆ?

ಟೈಲರ್:

ಭುಜ ಸರಿಯಾಗಿ ಕೂರುವ ಒಂದು ಹಳೇ ಶರ್ಟನ್ನು ಅಳತೆಗೆ ಕೊಡಿ. ಟೇಪ್ ಹಿಡಿದು ನಿಲ್ಲುವ ಗೋಜೇ ಇಲ್ಲ, ಟ್ರಯಲ್ ರೂಮೂ ಬೇಡ. ಗುಂಡಿ ಎಡಕ್ಕೆ, ಬೆನ್ನಿಗೆ ಡಾರ್ಟ್, ಪಕ್ಕದಲ್ಲಿ ಒಂದಿಂಚು ಅಂತ ಚೀಟಿಯಲ್ಲಿ ಬರೆದು ಪಿನ್ ಮಾಡಿ. ಯಾಕೆ ಅಂದರೆ "ಹಂಗೇ ಇಷ್ಟ" ಅನ್ನಿ, ಸಾಕು. ಒಬ್ಬರು ಶರ್ಟಿನೊಳಗೆ ಬೀಗದ ಕೈಗೆ ಅಂತ ಗುಟ್ಟಿನ ಜೇಬು ಹೊಲಿಸಿಕೊಂಡು ಹೋದರು, ನಾನೇನು ಕೇಳಿದೆನಾ? ಒಂದೇ ಹೊಲಿಸಿ. ವಾರ ಹಾಕಿ ನೋಡಿ ಎರಡನೆಯದು. ಅದಕ್ಕಿಂತ ಜಾಸ್ತಿ ಈಗ ಬೇಡ, ಮೈ ಬದಲಾಗುವುದು ಇನ್ನೂ ಇದೆ.

ಪ್ರಶ್ನೆ ಕೇಳಿದವರು (ಮೂರು ದಿನದ ನಂತರ):

ಚಿಕ್ಕಪೇಟೆಯಿಂದ ಬೂದು ನೀಲಿ ರೇಯಾನ್ ತಂದೆ. ಬಕೆಟ್‌ನಲ್ಲಿ ನೆನೆಸಿದ್ದೇನೆ, ನೀರೆಲ್ಲ ನೀಲಿ. ಹಾಳಾಯಿತಾ?

ಟೈಲರ್:

ಇಲ್ಲ, ಮೊದಲ ನೀರಿಗೆ ಬಣ್ಣ ಬಿಡುವುದು ಇದ್ದದ್ದೇ. ನೀರು ಬದಲಿಸಿ ಇನ್ನೊಂದು ಸಲ ಅದ್ದಿ ತೆಗೆಯಿರಿ. ಹಿಂಡಬೇಡಿ, ಒದ್ದೆ ರೇಯಾನಿಗೆ ಬಲ ಕಮ್ಮಿ. ನೆರಳಲ್ಲಿ ಹರವಿ. ತಮ್ಮನ ಬಿಳಿ ಬನಿಯನ್ ಅದೇ ಬಕೆಟ್‌ನಲ್ಲಿ ಇಲ್ಲ ತಾನೇ?